ಹದಿನಾಲ್ಕು ಸಂಜೆಯ ಗೆರೆಗಳು

"ಡೂಪ್ಲಿಕೇಟ್ ಮಾತ್ರೆ ಮಾರ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ನಾನು ಅವನೊಂದಿಗೆ ಆಡಿದ ಮೊದಲ ಮಾತು ಇದು. ಮೆಡಿಕಲ್ ಶಾಪಿನ ಕೌಂಟರಿನ ಮೇಲೆ ಬೀಳಲೆಂದು ಎಸೆದ ಮಾತ್ರೆ ಪ್ಯಾಕೆಟ್ಟು, ಕೈ ನಡುಗಿ, ಹೋಗಿ ಅಂಗಡಿಯವನ ಎದೆಗೆ ಬಡಿಯಿತು. ಅವನು ಬೈಯಲಿಲ್ಲ. ಪ್ಯಾಕೆಟ್ಟನ್ನು ಹಾಗೇ ಬಿಟ್ಟು ನನ್ನ ಕೈಯನ್ನು ನೋಡಿದ.

"ಯಾವಾಗಿಂದ ಹೀಗೆ?" ಅಂದ.

ಅಷ್ಟೇ ಕೇಳಿದ್ದು. ನನಗೆ ಅಳು ಬಂದುಬಿಟ್ಟಿತು.

ನಾನು ವಾಚ್ ರಿಪೇರಿ ಮಾಡುವವಳು. ಅಪ್ಪ ಕಲಿಸಿದ ಕೆಲಸ, ಅಪ್ಪ ಬಿಟ್ಟುಹೋದ ಅಂಗಡಿ. ಎಳ್ಳುಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮ್ಮಟದಲ್ಲಿ ಹಿಡಿದು ಕೂರಿಸಬೇಕು. ಅರೆತಲೆನೋವಿಗೆಂದು ಈ ಮಾತ್ರೆ ಶುರುಮಾಡಿದ ಮೇಲೆ ತಲೆನೋವೇನೋ ಹೋಯಿತು, ಜೊತೆಗೆ ಕೈಯೂ ಹೋಯಿತು. ಡಾಕ್ಟರ ಹತ್ತಿರ ಮೂರು ಸಲ ಹೋಗಿ ಹೇಳಿದೆ. ಮೊದಲೆರಡು ಸಲ ಟೆನ್ಷನ್ ಅಂದರು. ಮೂರನೇ ಸಲ ತಲೆಯನ್ನೂ ಎತ್ತದೆ, "ಒಂಟಿಯಾಗಿದ್ದೀರಲ್ಲ, ಮನಸ್ಸು ಏನೇನೋ ಕಲ್ಪಿಸ್ಕೊಳ್ಳುತ್ತೆ" ಅಂದು ಮುಂದಿನವರನ್ನು ಕರೆದರು. ಮೈಯೆಲ್ಲ ಉರಿದುಹೋಯಿತು. ಒಂಟಿಯಾಗಿದ್ದೇನೆ, ನಿಜ. ಒಬ್ಬಳೇ ಉಣ್ಣುತ್ತೇನೆ, ಒಂದೇ ತಟ್ಟೆ ತೊಳೆಯುತ್ತೇನೆ. ಅದಕ್ಕೂ ನನ್ನ ಕೈಗೂ ಏನು ಸಂಬಂಧ?

ಅಣ್ಣನೂ ಅವರ ಕಡೆಗೇ. "ಡಾಕ್ಟರಿಗಿಂತ ನಿನಗೇ ಜಾಸ್ತಿ ಗೊತ್ತಾ? ಅಂಗಡಿ ಮುಚ್ಚಿ ನಮ್ಮ ಜೊತೆ ಬಂದಿರು" ಅಂದ. ಪ್ರೀತಿಯಿಂದಲೇ ಅಂದ, ಕಷ್ಟ ಇರುವುದೇ ಅಲ್ಲಿ. ತಿಂಗಳ ಕೊನೆಗೆ ಅಂಗಡಿ ಬೀಗದ ಕೈ ಅವನಿಗೆ ಒಪ್ಪಿಸುವುದೆಂದು ಮಾತಾಗಿತ್ತು. ಆ ಸಿಟ್ಟನ್ನೆಲ್ಲ ತಂದು ಈ ಪಾಪದವನ ಮೇಲೆ ಸುರಿದಿದ್ದೆ.

"ಮಾತ್ರೆ ಅಸಲಿನೇ," ಅಂದ ಅವನು, ನನ್ನ ಅಳು ನಿಂತ ಮೇಲೆ. "ನಿಮ್ಮ ನಡುಕವೂ ಅಸಲಿನೇ."

ಮಾತ್ರೆಯ ಡಬ್ಬದೊಳಗಿಂದ ಮಡಿಸಿದ ಕಾಗದ ತೆಗೆದ, ಎಲ್ಲರೂ ಬಿಸಾಡುತ್ತಾರಲ್ಲ, ಅದು. ಅಕ್ಷರಗಳು ಅಷ್ಟು ಸಣ್ಣ. ಕನ್ನಡಕ ಹಾಕಿದ, ತೆಗೆದ, ಕಾಗದವನ್ನು ದೂರ ಹಿಡಿದ. ಅವನ ಪಾಡು ನೋಡಲಾರದೆ ನನ್ನ ಬ್ಯಾಗಿನಿಂದ, ವಾಚ್ ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತೆಗೆದು ಕೊಟ್ಟೆ. ಎರಡು ಸಲ ಬೀಳಿಸಿದ.

"ಹುಬ್ಬಿನ ಕೆಳಗೆ ಸಿಕ್ಕಿಸ್ಕೋಬೇಕು ರೀ. ಅಯ್ಯೋ, ಇಷ್ಟೂ ಬರಲ್ವಾ?"

"ಬೈಯೋದು ಮುಗೀಲಿಲ್ವಾ ಇನ್ನೂ?"

ಎಷ್ಟೋ ವಾರಗಳ ಮೇಲೆ ನಕ್ಕೆ. ಅವನು ಒಂದೇ ಕಣ್ಣು ದೊಡ್ಡದು ಮಾಡಿಕೊಂಡು ಓದಿದ. "ಇಲ್ಲಿದೆ ನೋಡಿ, ಕೈ ನಡುಕ. ಅಚ್ಚು ಹಾಕಿಸಿದ್ದಾರೆ. ಆದ್ರೆ ಮಾತ್ರೆ ಥಟ್ಟನೆ ನಿಲ್ಲಿಸಬೇಡಿ. ಡಾಕ್ಟರಿಗೆ ಕಣ್ಣಾರೆ ತೋರಿಸೋಣ."

ಅಂದಿನಿಂದ ದಿನಾ ಸಂಜೆ ಆರಕ್ಕೆ ಹೋಗುತ್ತಿದ್ದೆ. ಮಾತ್ರೆಯ ಖಾಲಿ ರಟ್ಟಿನ ಡಬ್ಬವೊಂದನ್ನು ಬಿಚ್ಚಿ, ಅದರ ಒಳಮೈ ಮೇಲೆ ನನ್ನಿಂದ ಉದ್ದಕ್ಕೆ ಒಂದು ಗೆರೆ ಎಳೆಸುತ್ತಿದ್ದ. ಪಕ್ಕದಲ್ಲಿ ತಾರೀಖು, ಮಾತ್ರೆ ನುಂಗಿದ ಹೊತ್ತು. ನಾನು ಎಳೆದು ಮುಗಿಸುವತನಕ ಅವನು ಉಸಿರು ಬಿಗಿಹಿಡಿದಿರುತ್ತಿದ್ದ. ಗೆರೆ ಸೊಟ್ಟಗಾದರೆ ಅವನ ಮುಖವೂ ಸೊಟ್ಟಗಾಗುತ್ತಿತ್ತು.

"ಎಲ್ಲ ಗಿರಾಕಿಗಳಿಗೂ ಹೀಗೇನಾ?"

"ಎಲ್ಲರೂ ನನ್ನ ಮೇಲೆ ಮಾತ್ರೆ ಎಸೀತಾರಾ?"

"ನಿಜ ಹೇಳಿ. ನನ್ನ ಮಾತನ್ನ ಯಾಕೆ ನಂಬಿದ್ರಿ?"

ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಕಿವೀಲಿ ಗುಂಯ್ ಅನ್ನುತ್ತೆ ಕಣೋ ಅಂತ ಅಮ್ಮ ಒಂದು ವರ್ಷ ಹೇಳಿದ್ರು. ವಯಸ್ಸಾಯ್ತು ಅಂದ್ರು ಡಾಕ್ಟರು. ನಾನೂ ಅದನ್ನೇ ಅಂದೆ. ಆಮೇಲೆ ಗೊತ್ತಾಯ್ತು, ಅದು ಮಾತ್ರೆಯಿಂದ ಅಂತ; ಆ ಮಾತ್ರೆ ಕೊಡ್ತಿದ್ದವನೇ ನಾನು. ಈಗ ನಾನು ಕೂಗಿದ್ರೂ ಅವರಿಗೆ ಕೇಳಿಸಲ್ಲ."

ಅವನ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಂಜೆಯ ಗೆರೆ ಎಳೆದೆ.

ಹದಿನೈದನೇ ದಿನ ಅವನೂ ಡಾಕ್ಟರ ಹತ್ತಿರ ಬಂದ. ಮೇಜಿನ ಮೇಲೆ ಹದಿನಾಲ್ಕು ಗೆರೆ. ಡಾಕ್ಟರು ಒಂದೊಂದನ್ನೇ ನೋಡಿ, "ಇದನ್ನ ಮೊದಲೇ ಹೇಳೋದಲ್ವೇನಮ್ಮಾ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮೆಲ್ಲಗೆ ಹೇಳಿದ: "ಮೂರು ಸಲ ಹೇಳಿದ್ದಾರೆ ಸರ್." ಡಾಕ್ಟರು ಚೀಟಿ ಎಳೆದುಕೊಂಡು ಮಾತ್ರೆ ಬದಲಾಯಿಸಿದರು.

ಕೈ ನಿಧಾನಕ್ಕೆ ಹಿಡಿತಕ್ಕೆ ಬಂತು. ಬೀಗದ ಕೈ ನನ್ನಲ್ಲೇ ಉಳಿಯಿತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಸಂಜೆ ಆರಾದರೆ ಹೋಗಲು ಜಾಗವಿಲ್ಲ. ಒಂಟಿತನ ಅಭ್ಯಾಸವಾಗಿದೆ ಎಂದುಕೊಂಡಿದ್ದೆ, ಎಲ್ಲ ಸುಳ್ಳು. ಮೂರು ವಾರ ತಡೆದೆ. ಕೊನೆಗೊಂದು ಸಂಜೆ ಹೋಗಿ, "ಎದೆ ಡವಡವ ಅನ್ನುತ್ತೆ. ಹೊಸ ಮಾತ್ರೆದೇ ಇರಬೇಕು" ಅಂದುಬಿಟ್ಟೆ.

ಅವನ ಮುಖ ಬಿಳಿಚಿಕೊಂಡಿತು. ಕಾಯುತ್ತಿದ್ದ ಗಿರಾಕಿಯನ್ನು ತಡೆದು ಪೆನ್ನು ಹಿಡಿದ. "ನಡೆದಾಗ್ಲಾ, ಕೂತಾಗ್ಲಾ? ನಾಳೆನೇ ಡಾಕ್ಟರ ಹತ್ರ ಹೋಗೋಣ, ಅಂಗಡಿ ಮುಚ್ಚಿ ಬರ್ತೀನಿ."

ಒಂದಿಷ್ಟೂ ಅನುಮಾನಿಸಲಿಲ್ಲ. ನನ್ನನ್ನು ನಂಬಿದವನು ಇವನೊಬ್ಬ, ಇವನಿಗೇ ಸುಳ್ಳು ಹೇಳುತ್ತಿದ್ದೇನಲ್ಲ.

"ಬರೀಬೇಡಿ. ನನಗೇನೂ ಆಗಿಲ್ಲ, ಸುಳ್ಳು ಹೇಳ್ದೆ. ಹುಷಾರಾಗಿರೋಳು ಮೆಡಿಕಲ್ ಶಾಪಿಗೆ ಏನಂತ ಬರ್ಲಿ? ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ದಿನಾ ಅನ್ನಿಸುತ್ತೆ."

ಅವನು ಪೆನ್ನು ಕೆಳಗಿಟ್ಟ. ಕಿವಿ ಕೆಂಪಗಾಗಿತ್ತು. ಗಿರಾಕಿ ನಮ್ಮಿಬ್ಬರನ್ನೂ ನೋಡಿ, ಕೆಮ್ಮಿನ ಔಷಧಿ ಆಮೇಲೆ ತಗೋತೀನಿ ಬಿಡಿ ಅಂದು ಹೊರಗೆ ಹೋಗಿ ನಿಂತ.

"ಇನ್ನೊಂದು ಸಲ ಹೀಗೆ ಹೆದರಿಸಬೇಡಿ," ಅಂದ. "ಮೂರು ವಾರದಿಂದ ಆರು ಗಂಟೆಗೆ ಬಾಗಿಲನ್ನೇ ನೋಡ್ತಾ ನಿಂತಿರ್ತೀನಿ. ನಾಳೆ, ಏನೂ ಆಗದೇ ಇದ್ರೂ ಬನ್ನಿ."