ಎರವಲು ಕಂಠ

ಗಾಜಿನ ಆಚೆ ಕುಳಿತಿದ್ದ ಹೆಂಗಸು ಬಾಯಿ ತೆರೆದಳು. ಈಚೆ ಇಂದುಮತಿ ಕೊಣ್ಣೂರಳ ಹೆಡ್‌ಫೋನಿನಲ್ಲಿ ಹರೆಯದ ಗಂಡುಹುಡುಗನೊಬ್ಬ ಮಾತಾಡಿದ.

"ಹೆಸರ ಕೇಳಬ್ಯಾಡ್ರಿ ಅಕ್ಕಾರ. ನೋಡಿದ್ದ ಹೇಳ್ತೀನಿ, ಅಷ್ಟ."

ಇಬ್ಬರ ನಡುವೆ ಮೇಜಿನ ಮೇಲೆ ಅಡಕೆಯ ಡಬ್ಬಿಯಷ್ಟೇ ಗಾತ್ರದ ಸ್ವರತೆರೆ ಮೆಲ್ಲನೆ ಗುಂಯ್‌ಗುಡುತ್ತಿತ್ತು. ಅದರ ಒಂದು ಬದಿಯಿಂದ ಹೆಂಗಸಿನ ಧ್ವನಿ ಒಳಹೊಕ್ಕು ಇನ್ನೊಂದು ಬದಿಯಿಂದ ಬೇರೆಯವರ ಧ್ವನಿಯಾಗಿ ಹೊರಬರುತ್ತಿತ್ತು. ಮಾತು ಅವಳದೇ, ನಿಲುಗಡೆ ಅವಳದೇ. ಕಂಠ ಮಾತ್ರ ಎರವಲು.

ಅದು ಯಾರೂ ಯಾರ ಧ್ವನಿಯನ್ನೂ ನಂಬದ ಕಾಲ. ಯಂತ್ರಗಳು ಸತ್ತವರಿಂದಲೂ ಭಾಷಣ ಮಾಡಿಸುತ್ತಿದ್ದವು. ಆದ್ದರಿಂದ ಎಲ್ಲರ ಫೋನಿನಲ್ಲೂ ಜೀವಮಾಪಕ ಬಂದಿತ್ತು. ಉಸಿರಾಡುವ ಮನುಷ್ಯನ ಮಾತಿನಲ್ಲಿ ಮಾತ್ರ ಇರುವ, ಯಂತ್ರಕ್ಕೆ ಅನುಕರಿಸಲಾಗದ ಸೂಕ್ಷ್ಮ ನಡುಕವೊಂದನ್ನು ಗುರುತಿಸಿ ಅದು ಹಸಿರು ದೀಪ ಹಚ್ಚುತ್ತಿತ್ತು. ಇಂದುಮತಿಯಂಥ ಸ್ವತಂತ್ರ ಪಾಡ್‌ಕಾಸ್ಟ್ ಪತ್ರಕರ್ತರಿಗೆ ಆ ಹಸಿರೇ ಅನ್ನ. ಸರ್ಕಾರದ ಮಾನ್ಯತೆ ಪಡೆದ ಟೀವಿ ವಾಹಿನಿಗಳಿಗೆ ಮಾತ್ರ ಕಾನೂನು ಈ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತ್ತು. ಗುಟ್ಟು ಹೇಳುವವರ ಗುರುತು ಮರೆಯಾಗಬೇಕು, ಅವರು ಜೀವಂತ ಮನುಷ್ಯರೆಂಬ ಪುರಾವೆ ಮಾತ್ರ ಉಳಿಯಬೇಕು. ಈ ಇಕ್ಕಟ್ಟಿಗೆ ಧಾರವಾಡದ ನಿವೃತ್ತ ಭೌತವಿಜ್ಞಾನಿ ಡಾ. ನಜೀರ್ ಸವಣೂರ ಕಂಡುಕೊಂಡ ಉತ್ತರವೇ ಸ್ವರತೆರೆ. ಗಂಟಲಿನ ಕ್ಯಾನ್ಸರಿನಿಂದ ಧ್ವನಿ ಕಳೆದುಕೊಂಡವರಿಗೆಂದು ಹಿಂದೆ ಜನ ರಕ್ತದಾನದಂತೆ ಸ್ವರದಾನ ಮಾಡಿದ್ದರು. ಆ ಭಂಡಾರದ ನೂರಾರು ಕಂಠಗಳನ್ನು ಕಲಸಿ ಯಂತ್ರ ಹೊಸದೊಂದನ್ನು ನೇಯುತ್ತಿತ್ತು.

ಧ್ವನಿಮುದ್ರಣಕ್ಕೆ ಮೊದಲು ಸವಣೂರರು ಒಂದು ಎಚ್ಚರಿಕೆ ಕೊಟ್ಟಿದ್ದರು. "ಆಡುಮಾತಿನ ಗುಂಡಿ ಅರ್ಧಕ್ಕ ಇರ್ಲಿ ಬಾಯಾರ. ಪೂರ್ತಿ ತಿರುವಿದ್ರ ಯಂತ್ರ ಆ ಸೀಮೀ ದಾನಿಗಳನ್ನಷ್ಟ ಹುಡುಕತದ. ದಾನಿಗಳು ಕಡಿಮಿ ಆದಂಗ ತೆರಿ ತೆಳ್ಳಗಾಗತದ."

"ಅರ್ಧಕ್ಕ ಇಟ್ರ ಈ ರೋಣದಾಕಿ ವಾರ್ತಾ ಓದಾಕಿ ಆಗ್ತಾಳ್ರಿ ಸರ್. ಇಸ್ತ್ರಿ ಹೊಡದ ಮಾತು ಕೇಳಾಕ ನನ್ನ ಕಡೆ ಯಾರ ಬರ್ತಾರ?"

'ತೆರೆದ ಕಿವಿ' ಎಂಬ ತನ್ನ ಕಾರ್ಯಕ್ರಮದಲ್ಲಿ ಯಾರ ಆಡುಮಾತನ್ನೂ ತಿದ್ದುವುದಿಲ್ಲವೆಂಬುದು ಇಂದುಮತಿಯ ಹೆಮ್ಮೆ. ಅವಳು ಗುಂಡಿಯನ್ನು ಕೊನೆಯವರೆಗೂ ತಿರುವಿದಳು.

"ಹೇಳ್ರಿ, ಸರ್ಕಾರದ ಜನಾಭಿಪ್ರಾಯ ಕೇಂದ್ರದಾಗ ನಿಮ್ಮ ಕೆಲಸ ಏನು?"

"ಮುಂಜಾನಿ ಬಂದು ಯಂತ್ರದ ಮುಂದ ಕುಂದರತೀನ್ರಿ. ಇಂಡಿ ಕಡೆ ಅಜ್ಜಿ ಒಬ್ಬಾಕಿನ್ನ ಮಾಡು ಅಂತೀನಿ, ಮಾಡತೈತಿ. ಕೋಲಾರದ ಮಾಸ್ತರ ಒಬ್ಬಾಂವನ್ನ ಮಾಡು ಅಂತೀನಿ, ಮಾಡತೈತಿ. ಸಂಜಿಗೆ ಟಿವ್ಯಾಗ ಅವರೆಲ್ಲಾರೂ ಫೋನ್ ಹಚ್ಚಿ ಪ್ರಸಾರ ಶಿಸ್ತಿನ ಮಸೂದೆಗೆ ಜೈ ಅಂತಾರ."

"ಅದರಾಗ ಖರೇ ಮನಷ್ಯಾರು ಒಬ್ಬರೂ ಇಲ್ಲೇನ್ರಿ?"

"ಕೆಮ್ಮು ಖರೇದ್ರಿ. ಅಜ್ಜಿಗೆ ಕೆಮ್ಮು ಬೇಕಾದಾಗ ನನ್ನ ಕಡಿಂದ ಕೆಮ್ಮಸ್ತಾರ."

ಇಂದುಮತಿ ನಕ್ಕಳು. ಆದರೆ ಪಾಡ್‌ಕಾಸ್ಟ್ ನಡೆಸುವವರೆಲ್ಲ ಸರ್ಕಾರದ ಪರವಾನಗಿ ಪಡೆಯಬೇಕೆನ್ನುವ ಆ ಮಸೂದೆಗೆ 'ಇಡೀ ದೇಶದ ಜನರ ಬೆಂಬಲ'ವೇ ಆಧಾರವಾಗಿತ್ತು. ಆ ಜನರೇ ಇಲ್ಲವೆಂದು ಹೇಳುತ್ತಿದ್ದವಳ ಹೆಸರು ನೀಲಗಂಗಾ. ಸಿಕ್ಕಿಬಿದ್ದರೆ ಏಳು ವರ್ಷ ಸೆರೆ. ಮನೆಯಲ್ಲಿ ಶಾಲೆಗೆ ಹೋಗುವ ಮಗಳು, ಬೇರೆ ದಿಕ್ಕಿಲ್ಲ.

ಕಂತು ಹೊರಬಿದ್ದ ದಿನ ದೇಶವಿಡೀ ಹಸಿರು ದೀಪಗಳು ಹತ್ತಿದವು. ಸಂಸತ್ತಿನಲ್ಲಿ ಗದ್ದಲವೆದ್ದಿತು, ಮತದಾನ ಮುಂದೆ ಹೋಯಿತು. ಎರಡು ದಿನಗಳ ತರುವಾಯ ಸರ್ಕಾರದ ಸ್ವರಶೋಧಕ ಯಂತ್ರ ಆ ಧ್ವನಿಯ ಒಡೆಯನನ್ನು ಪತ್ತೆಹಚ್ಚಿದೆಯೆಂಬ ಪ್ರಕಟಣೆ ಬಂತು. ಹೆಸರು ಓದಿದ ಇಂದುಮತಿಗೆ ಮೊದಲು ನಗು ಬಂತು, ಆಮೇಲೆ ಅವಳು ಸವಣೂರರಿಗೆ ಫೋನ್ ಮಾಡಿದಳು.

ಪ್ರಭಂಜನ ಇಟಗಿ!

ಜಯಘೋಷ ವಾಹಿನಿಯ ಸಿಂಹ. ಪ್ರತಿ ಸಂಜೆ ಪರದೆಯ ಮೇಲೆ ಗುಡುಗುತ್ತ ಮಸೂದೆಯ ಪರ ಹೋರಾಡುತ್ತಿದ್ದ ನಿರೂಪಕ. ಆ 'ಜನರ ಕರೆ'ಗಳನ್ನು ದಿನವೂ ಬಿತ್ತರಿಸುತ್ತಿದ್ದವನು ಅವನೇ ಆದ್ದರಿಂದ, ಒಳಗುಟ್ಟು ಅವನಿಗೆ ಗೊತ್ತಿದ್ದೀತೆಂದು ಎಲ್ಲರೂ ಸಲೀಸಾಗಿ ನಂಬಿದರು.

ಸವಣೂರರು ಓಡಿಬಂದು ಯಂತ್ರದ ಸ್ಮೃತಿಕೋಶ ತೆರೆದರು. ಬೆವರು ಒರೆಸಿಕೊಂಡರು.

"ಗುಂಡಿ ಪೂರ್ತಿ ತಿರುವಿದ್ರೇನು?"

"ಹೂಂನ್ರಿ."

"ಆ ಸೀಮ್ಯಾಗ ದಾನಿ ಇದ್ದಾಂವ ಒಬ್ಬನ, ಈ ಇಟಗಿ. ಗದಗಿನ ಕಾಲೇಜಿನ ಸ್ವರದಾನ ಶಿಬಿರದಾಗ ಕೊಟ್ಟಾನ. ಆಗಿನ್ನೂ ಟೀವಿ ಮಾತು ಕಲಿತಿದ್ದಿಲ್ಲ ಅಂತ ಕಾಣತದ."

ಅವರು ಮಾತು ಮುಗಿಸುವುದರೊಳಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಇಂದುಮತಿಯ ಧ್ವನಿಮುದ್ರಣ ಕೊಠಡಿ ಹುಬ್ಬಳ್ಳಿಯ ಗಾದಿ ಅಂಗಡಿಯೊಂದರ ಮಾಳಿಗೆಯಲ್ಲಿತ್ತು; ಗೋಡೆಗೆ ಒರಗಿಸಿದ ಹಳೆಯ ಗಾದಿಗಳೇ ಅದರ ಧ್ವನಿರೋಧಕ. ಬಾಗಿಲಲ್ಲಿ ನಿಂತ ಇಟಗಿ ಅವುಗಳನ್ನೂ ಅವಳನ್ನೂ ಒಂದೇ ತಿರಸ್ಕಾರದಿಂದ ನೋಡಿದ.

"ನೀವು ನನ್ನನ್ನು ಕೊಂದಿದ್ದೀರಿ," ಎಂದ ಪರದೆಯ ಶುದ್ಧ ಕನ್ನಡದಲ್ಲಿ. "ಮೂರು ಗಂಟೆಗೆ ವಿಚಾರಣೆ. ಕೆಳಗೆ ಪೊಲೀಸರು ಕಾಯುತ್ತಿದ್ದಾರೆ. ಆ ಮನುಷ್ಯ ಯಾರು, ಹೇಳಿ."

"ಹೇಳಾಂಗಿಲ್ರಿ."

"ಹಾಗಾದರೆ ಅದು ನಾನಲ್ಲವೆಂದಾದರೂ ಸಾಬೀತು ಮಾಡಿ!"

ಸವಣೂರರು ನಡುವೆ ಬಂದರು. "ಅದೂ ಆಗೂದಿಲ್ರಿ. ನಿಮ್ಮ ಸ್ವರ, ಹೇಳಿದವರ ನಡುಕ, ಎರಡೂ ಈ ಸ್ಮೃತಿಕೋಶದಾಗ ಹಾಲಿನಾಗ ಸಕ್ಕರಿ ಕರಗಿದಂಗ ಅದಾವ. ಕಂತು ಕೇಳಿದ್ರ ನಡುಕ ಯಾರದಂತ ತಿಳಿಯೂದಿಲ್ಲ, ಇದರಾಗ ತಿಳೀತದ. ಇದನ್ನ ಕೊಟ್ರ ನೀವು ಬಿಡುಗಡಿ, ನಿಜ. ಆದ್ರ ಸ್ವರಶೋಧಕ ಆ ನಡುಕ ಹಿಡಕೊಂಡು ನೆಟ್ಟಗ ಅವರ ಮನಿ ಬಾಗಿಲಕ್ಕ ಹೋಗತದ."

"ಹೋಗಲಿ! ನನಗೇನು?"

ಇಂದುಮತಿಯ ಕೈ ಸ್ಮೃತಿಕೋಶವನ್ನು ಅಳಿಸುವ ಗುಂಡಿಯ ಮೇಲಿತ್ತು. ಒತ್ತಲು ಬೆರಳು ಬಗ್ಗಲಿಲ್ಲ. ಎದುರಿಗಿದ್ದವನು ಐದು ವರ್ಷಗಳಿಂದ ಅವಳನ್ನು ದೇಶದ್ರೋಹಿಯೆಂದು ಕರೆದವನು. ಆದರೂ ಈ ಅಪರಾಧ ಅವನದಲ್ಲ. ಗುಂಡಿ ತಿರುವಿದವಳು ತಾನು.

ಇಟಗಿ ಅವಳ ಬೆರಳನ್ನು ನೋಡಿದ. ಕೂಗಿದರೆ ಪೊಲೀಸರು ಮೇಲೆ ಬರುತ್ತಿದ್ದರು. ಅವನು ಕೂಗಲಿಲ್ಲ.

"ಒಮ್ಮೆ ಕೇಳಿಸಿ," ಎಂದ. "ನಾನು ಏನು ಹೇಳಿದ್ದೇನೆಂದು ನನಗೇ ಗೊತ್ತಿಲ್ಲ. ಈ ಕಂತನ್ನು ಕೇಳುವಷ್ಟು ಪುರಸೊತ್ತೂ ನನಗೆ ಸಿಕ್ಕಿಲ್ಲ."

ಅವಳು ಕೇಳಿಸಿದಳು. ಮೊದಲ ವಾಕ್ಯಕ್ಕೇ ಅವನ ಮುಖದ ಬಿಗಿ ಕರಗಿತು. ಕಾಲೇಜಿನ ಅಂಗಳದಲ್ಲಿ ಎಂದೋ ಬಿಟ್ಟುಬಂದ ಕಂಠ ಗಾದಿಗಳ ನಡುವೆ ಮಾತಾಡುತ್ತಿತ್ತು; ಗುಡುಗದೆ, ಯಾರ ಮೇಲೂ ಹಾಯದೆ, ಕಂಡದ್ದನ್ನು ಕಂಡಂತೆ ಹೇಳುತ್ತಿತ್ತು. ಕೆಮ್ಮಿನ ಮಾತು ಬಂದಾಗ ಅವನು ತಲೆ ತಗ್ಗಿಸಿದ. ಆ ಅಜ್ಜಿಗೆ ತಾನು ಪರದೆಯ ಮೇಲೆ ಕೈಮುಗಿದದ್ದು ನೆನಪಾಗಿರಬೇಕು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕಟ್ ಮಾಡಲು ಹೋಗಿ ಬೆರಳು ತಪ್ಪಿ ಸ್ಪೀಕರ್ ಒತ್ತಿದ.

"ಪರಭ್ಯಾ! ನಿಮ್ಮವ್ವ ಅದೀನಿ. ಓಣಿ ಮಂದಿ ಎಲ್ಲಾ ಕಟ್ಟಿ ಮ್ಯಾಲೆ ಕುಂತು ನಿನ್ನ ಮಾತ ಕೇಳೇವಪಾ. ಎಷ್ಟು ಛಂದ ಹೇಳೀ! ಟಿವ್ಯಾಗಿಂದು ನಾ ನೋಡೂದ ಬಿಟ್ಟಿದ್ದೆ. ಉಣ್ಣೂ ಹೊತ್ತಿನ್ಯಾಗ ನಾಯಿ ಬೊಗಳಿದಂಗ ಬೊಗಳ್ತಿದ್ದಿ. ಇದು ನೋಡು, ಇದು ನನ್ನ ಮಗ! ಹಿಡಕೊಂಡು ಹೋಗ್ತಾರಂತಲ್ಲ? ಹೋದ್ರ ಹೋಗ್ಲಿ, ಅಂಜಬ್ಯಾಡ."

"ಯವ್ವಾ..." ಎಂದ ಇಟಗಿ. ಮುಂದಿನ ಮಾತು 'ಅದು ನಾನಲ್ಲ' ಎಂದಾಗಬೇಕಿತ್ತು.

"ಅಂಜೂದಿಲ್ಲ ಬಿಡು," ಎಂದು ಫೋನಿಟ್ಟ. ಆಮೇಲೆ ಕೋಟು ಸರಿಪಡಿಸಿಕೊಂಡ.

"ಅಳಿಸ್ರಿ."

"ಗೊತ್ತಾಗಿ ಹೇಳಾಕತ್ತೀರೇನ್ರಿ?" ಇಂದುಮತಿ ಕೇಳಿದಳು.

"ಗೊತ್ತಾಗಿನ. ಹೇಳಿದವರು ಗಂಡಸೋ ಹೆಂಗಸೋ ಅದನ್ನೂ ನನಗ ಹೇಳಬ್ಯಾಡ್ರಿ. ನನ್ನ ಬಾಯಿ ಭಾಳ ಸಡ್ಲ, ದೇಶಕ್ಕೆಲ್ಲಾ ಗೊತ್ತೈತಿ."

ಸವಣೂರರು ಅವಳತ್ತ ನೋಡಿದರು. ಅವಳು ಗುಂಡಿ ಒತ್ತಿದಳು. ಯಂತ್ರದ ಗುಂಯ್‌ಗುಡುವಿಕೆ ನಿಂತಿತು.

ಮೂರು ಗಂಟೆಗೆ ವಿಚಾರಣೆಯ ಸಭಾಂಗಣ ಕಿಕ್ಕಿರಿದಿತ್ತು. ಎಲ್ಲ ವಾಹಿನಿಗಳೂ ನೇರಪ್ರಸಾರ ಮಾಡುತ್ತಿದ್ದವು. "ಈ ಧ್ವನಿಯಲ್ಲಿ ಮಾತಾಡಿದವರು ನೀವೇನು?" ಎಂದು ವಿಚಾರಣಾಧಿಕಾರಿ ಕೇಳಿದಾಗ ಇಟಗಿ ನೆಟ್ಟಗೆ ನಿಂತ.

"ಹೌದ್ರಿ. ಹೇಳಿದಾಂವ ನಾನ."

ಸಭೆಯಲ್ಲಿದ್ದವರ ಫೋನುಗಳಲ್ಲಿ ಹಸಿರು ದೀಪ ಹತ್ತಿತು. ಜೀವಮಾಪಕಕ್ಕೆ ಅಷ್ಟೇ ಗೊತ್ತು: ಮಾತಾಡಿದವನು ಜೀವಂತ ಮನುಷ್ಯ. ಅವನು ಹೇಳಿದ್ದು ಅಪ್ಪಟ ಸುಳ್ಳೆಂಬುದು ಸಭೆಯಲ್ಲಿ ಅವನಿಗೂ ಇಂದುಮತಿಗೂ ಮಾತ್ರ ತಿಳಿದಿತ್ತು.

ಅಧಿಕಾರಿ ತಾನು ಕರೆಸಿದ್ದ ಇಂದುಮತಿಯ ಕಡೆ ತಿರುಗಿದ. "ಸುಳ್ಳು ಪ್ರಸಾರ ಮಾಡುವುದಿಲ್ಲವೆಂದು ಹೇಳಿಕೊಳ್ಳುವವರು ನೀವು. ಹೇಳಿ, ನಿಮ್ಮ ಸಾಕ್ಷಿ ಇವರೇನು? ಹೌದೋ, ಅಲ್ಲವೋ?"

ಅಲ್ಲ ಎಂದರೆ ನಿರಪರಾಧಿ ಮನೆಗೆ ಹೋಗುತ್ತಾನೆ, ಬೇಟೆ ಮತ್ತೆ ಶುರುವಾಗುತ್ತದೆ. ಹೌದು ಎಂದರೆ ಅವಳ ನಾಲಗೆಯ ಮೇಲೆ ಮೊದಲ ಸುಳ್ಳು. ಇಂಥ ಪ್ರಶ್ನೆಗೆ ಅವಳ ವೃತ್ತಿಯಲ್ಲಿ ಒಂದೇ ಉತ್ತರವಿತ್ತು. ಯಾರ ಹೆಸರು ಹಿಡಿದು ಕೇಳಿದರೂ ಅದೇ. ಇಷ್ಟು ವರ್ಷ ಆ ಉತ್ತರ ಜನರನ್ನು ಕಾಪಾಡಿತ್ತು.

"ನನ್ನ ಸಾಕ್ಷಿ ಯಾರಂತ ನಾ ಯಾವತ್ತೂ ಹೇಳಿಲ್ರಿ. ಇವತ್ತೂ ಹೇಳಾಂಗಿಲ್ಲ."

ಅಧಿಕಾರಿ ತೃಪ್ತಿಯಿಂದ ತಲೆಯಾಡಿಸಿದ. ಅವಳು ಅಲ್ಲ ಎನ್ನದಿದ್ದುದೇ ಅವನಿಗೆ ಸಾಕಾಗಿತ್ತು. ಪೊಲೀಸರು ಇಟಗಿಯ ತೋಳು ಹಿಡಿದರು. ಹೊರಗೆ ಜನ ಅವನ ಹೆಸರು ಹಿಡಿದು ಜೈಕಾರ ಹಾಕುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನ ಹಿಂದಿನ ವಾರ ಅವನ ಪ್ರತಿಕೃತಿ ಸುಟ್ಟಿದ್ದವರು.

ಇಂದುಮತಿ ನೂಕುನುಗ್ಗಲಲ್ಲಿ ದಾರಿ ಮಾಡಿಕೊಂಡು ವ್ಯಾನಿನ ಬಾಗಿಲವರೆಗೆ ಹೋದಳು. ಕೇಳಬೇಕಾದದ್ದು ಬಹಳವಿತ್ತು. ಬಾಯಿಗೆ ಬಂದದ್ದು ಒಂದೇ.

"ನಿಮ್ಮ ಅವ್ವಾರಿಗೆ ಏನಂತ ಹೇಳ್ಲಿ?"

ಇಟಗಿ ಕಬ್ಬಿಣದ ಜಾಲರಿಗೆ ಮುಖ ತಂದ.

"ಆಕಿ ಖುಷಿಯಾಗಿದಾಳ್ರಿ," ಎಂದ. "ಖರೇ ಹೇಳಿ ಕೆಡಸಬ್ಯಾಡ್ರಿ."