ಟಿಟಿರಿ ಅಂತ ಕರೀಬೇಡ ಮಾಮ

"ಮಾಮ, ಒಂದ್ನಿಮಿಷ ಇಲ್ಲಿ ಬಾ."

ವೆರ್ಲಿನ್ ಮಾಮನ ಅಂಗಿತೋಳು ಹಿಡಿದು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಆಚೆ ಕಡೆ ಅವಳ ಕ್ಲಾಸಿನ ಮಕ್ಕಳು ಬಸ್ಸಿನಿಂದ ಧುಮುಕುತ್ತಿದ್ದರು. ಮಿಸ್ ಬೆಲ್ಲೊ ಎಲ್ಲರ ಶೂ ಲೇಸು ನೋಡುತ್ತಿದ್ದರು.

"ಏನೇ? ಕಾಲು ನೋವಾ? ಇನ್ನೂ ನಡೆಯೋಕೇ ಶುರು ಮಾಡಿಲ್ಲವಲ್ಲ!" ಎಂದ ಮಾಮ.

"ಕಾಲಲ್ಲ. ಇವತ್ತೊಂದಿನ ನನ್ನ ಟಿಟಿರಿ ಅಂತ ಕರೀಬೇಡ."

"ಮತ್ತೇನಂತ ಕರೀಲಿ?"

"ನನ್ನ ಹೆಸರಿಂದ ಕರಿ."

"ಅದೇ ಅಲ್ವಾ ನಿನ್ನ ಹೆಸರು?"

"ಅದು ಮನೇಲಿ ಕರೆಯೋ ಹೆಸರು. ಸ್ಕೂಲ್ ಹೆಸರಿಂದ ಕರಿ."

ಮಾಮ ಟೋಪಿ ತೆಗೆದು ಬೋಳು ತಲೆ ಕೆರೆದುಕೊಂಡ. "ಆಯ್ತು. ಯಾವುದದು?"

"ಮಾಮ! ನನ್ನ ಹೆಸರೇ ನಿಂಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು. ವೆ... ವೆರೋನಿಕಾ."

"ವೆರ್ಲಿನ್!"

"ಅದನ್ನೇ ಹೇಳೋಕೆ ಹೊರಟಿದ್ದೆ," ಎಂದ ಮಾಮ. "ನೋಡು, ಬಾಯಿಗೆ ಬೀಗ ಹಾಕ್ದೆ. ಪ್ರಾಮಿಸ್."

ಡೊಮಿನಿಕಾ ದ್ವೀಪದಲ್ಲಿ ಎಲ್ಲರಿಗೂ ಎರಡು ಹೆಸರು. ಒಂದು ಚರ್ಚಿಗೆ ಮತ್ತು ಶಾಲೆಗೆ, ಇನ್ನೊಂದು ಮನೆಗೆ ಮತ್ತು ಬೀದಿಗೆ. ಮಾಮನನ್ನು ಅವನ ಊರಿಗೆ ಊರೇ ಝಬೊಕ ಎನ್ನುತ್ತದೆ. ಝಬೊಕ ಎಂದರೆ ಬೆಣ್ಣೆಹಣ್ಣು. ಅವನ ತಲೆ ಹಾಗೇ ಇದೆ, ಮೇಲೆ ಚೂಪು, ಕೆಳಗೆ ಅಗಲ. ಅವನ ನಿಜವಾದ ಹೆಸರು ಪೋಸ್ಟ್‌ಮ್ಯಾನಿಗೂ ಗೊತ್ತಿಲ್ಲ. ಮಾಮನಿಗೆ ಅದರ ಚಿಂತೆಯೂ ಇಲ್ಲ.

ದೊಡ್ಡವರಿಗೆ ಪರವಾಗಿಲ್ಲ. ಆರನೇ ಕ್ಲಾಸಿನಲ್ಲಿ ಮಾತ್ರ ಮನೆ ಹೆಸರು ಹೊರಗೆ ಬಂದರೆ ಮುಗಿದೇಹೋಯಿತು. ಕಳೆದ ಟರ್ಮಿನಲ್ಲಿ ಲಿಂಟನ್ ಊಟದ ಡಬ್ಬಿ ಮರೆತು ಬಂದಿದ್ದ. ಅವನ ಅಮ್ಮ ಗೇಟಿನ ಹತ್ತಿರ ನಿಂತು "ಡೂಡೂ! ಡೂಡೂ, ಊಟ ಬಿಟ್ಟು ಬಂದಿದೀಯ!" ಎಂದು ಕೂಗಿದರು. ಡೂಡೂ ಎಂದರೆ ಮುದ್ದು. ಕ್ಲಾಸಿನ ಕೀಟಲೆಗಾರ ಕೆಜಾನ್‌ಗೆ ಅಷ್ಟು ಸಾಕಾಯಿತು. ಈಗ ಒಂದನೇ ಕ್ಲಾಸಿನ ಪುಟಾಣಿಗಳೂ ಲಿಂಟನ್‌ನನ್ನು ಡೂಡೂ ಎನ್ನುತ್ತಾರೆ.

ಟಿಟಿರಿ ಎಂದರೆ ಹೊಳೆ ಕಡಲಿಗೆ ಸೇರುವಲ್ಲಿ ಬಟ್ಟೆ ಹಿಡಿದು ಬಾಚುವ ಮೀನು. ಒಂದೊಂದೂ ದಾರದಷ್ಟು ಸಣ್ಣ. ಒಂದು ಹಿಡಿಯಲ್ಲಿ ಲೆಕ್ಕವಿಲ್ಲದಷ್ಟು ಇರುತ್ತವೆ. ಹಿಟ್ಟಿನಲ್ಲಿ ಕಲಸಿ ಎಣ್ಣೆಗೆ ಬಿಡುತ್ತಾರೆ.

ವೆರ್ಲಿನ್ ಕ್ಲಾಸಿನಲ್ಲೇ ಎಲ್ಲರಿಗಿಂತ ಎತ್ತರ. ಫೋಟೋ ತೆಗೆಯುವಾಗ ಅವಳನ್ನು ಹಿಂದಿನ ಸಾಲಿನಲ್ಲಿ, ಹುಡುಗರಿಗಿಂತಲೂ ಹಿಂದೆ ನಿಲ್ಲಿಸುತ್ತಾರೆ. ಮಿಸ್ ಬೆಲ್ಲೊ ಅವಳ ಜೊತೆ ಮಾತಾಡುವಾಗ ತಲೆ ಎತ್ತಬೇಕು. ಇಂಥವಳ ಹೆಸರು ಟಿಟಿರಿ ಎಂದು ಗೊತ್ತಾದರೆ ಕೆಜಾನ್ ಸುಮ್ಮನಿರುತ್ತಾನೆಯೇ?

ಇವತ್ತು ಕ್ಲಾಸು ಹೊರಟಿದ್ದು ಬೆಟ್ಟದಾಚೆಯ ಕುದಿಯುವ ಕೆರೆಗೆ. ಹೋಗಿ ಬರಲು ಒಂದು ಇಡೀ ದಿನ ಬೇಕು. ಗೈಡ್ ಇಲ್ಲದೆ ಶಾಲೆಯವರು ಯಾರನ್ನೂ ಕಳಿಸುವುದಿಲ್ಲ. ಇವತ್ತಿನ ಗೈಡ್ ಮಾಮ ಎಂದು ಬಸ್ಸು ಅರ್ಧ ದಾರಿ ಬಂದಮೇಲೆ ವೆರ್ಲಿನ್‌ಗೆ ಗೊತ್ತಾಗಿತ್ತು. ಬಸ್ಸು ನಿಂತ ಕೂಡಲೇ ಎಲ್ಲರಿಗಿಂತ ಮೊದಲು ಇಳಿದಿದ್ದಳು.

ಕಾಡಿನೊಳಗೆ ಕಾಲುದಾರಿ ಒದ್ದೆಯಾಗಿತ್ತು. ಮಾಮ ಮುಂದೆ, ಅವನ ಹಿಂದೆ ಮಕ್ಕಳ ಸಾಲು. ಮಾಮನ ಬ್ಯಾಗಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಹಸಿ ಮೊಟ್ಟೆಗಳಿದ್ದವು.

ಸ್ವಲ್ಪ ದೂರ ಹೋಗುವಷ್ಟರಲ್ಲೇ ಮಾಮ ತಿರುಗಿ ನೋಡಿದ. "ಅಲ್ಲಿ ಬೇರು ಜಾರತ್ತೆ, ಹುಷಾರು! ಟಿ—"

ವೆರ್ಲಿನ್ ಉಸಿರು ಬಿಗಿಹಿಡಿದಳು.

"ಟೀ..." ಎಂದು ಎಳೆದ ಮಾಮ. "ಟೀ ಬೇಕಾ ಯಾರಿಗಾದ್ರೂ?"

"ಕಾಡಲ್ಲಿ ಎಲ್ಲಿಂದ ಟೀ ತರ್ತೀರ ಅಂಕಲ್?" ಎಂದಳು ವರ್ನಾ. ಅವಳು ಸಾಲಿನಲ್ಲಿ ಮೊದಲಿಗಳು, ಮಾಮನ ಬೆನ್ನಿಗೇ ಅಂಟಿಕೊಂಡಿದ್ದಳು.

"ಅದೇ ಕಣಮ್ಮ, ಸುಮ್ನೆ ಕೇಳ್ದೆ."

ಎಲ್ಲರೂ ನಕ್ಕರು. ಕೆಜಾನ್ ನಗಲಿಲ್ಲ. ಅವನು ಮಾಮನ ಮುಖ ನೋಡಿದ, ಆಮೇಲೆ ವೆರ್ಲಿನ್ ಮುಖ ನೋಡಿದ. "ಆ ಅಂಕಲ್ ನಿಂಗೆ ಗೊತ್ತಾ?" ಎಂದು ಕೇಳಿದ.

"ನಂಗ್ಯಾಕೆ ಗೊತ್ತಿರತ್ತೆ?" ಎಂದಳು ವೆರ್ಲಿನ್. ಹೇಳಿದ ಕೂಡಲೇ ಮಾಮನಿಗೆ ಕೇಳಿಸಿತೇನೋ ಎನಿಸಿತು. ಮಾಮ ಮಚ್ಚಿನಿಂದ ದಾರಿಗೆ ಬಿದ್ದ ಕೊಂಬೆ ಸವರುತ್ತಿದ್ದ. ಅವನು ತಿರುಗಲಿಲ್ಲ.

ಅಲ್ಲಿಂದ ಮುಂದೆ ಅವಳು ಸಾಲಿನ ಕೊನೆಗೆ ಸರಿದಳು. ಮಾಮನಿಂದ ದೂರವಿದ್ದಷ್ಟೂ ಒಳ್ಳೆಯದು. ಹೊಳೆ ದಾಟುವಾಗ ಎಲ್ಲರೂ ಬಂಡೆ ಮೇಲೆ ಕೂತು ಉಪ್ಪುಮೀನು ತುಂಬಿದ ಕರಿದ ರೊಟ್ಟಿ ತಿಂದರು. ವೆರ್ಲಿನ್ ಒಬ್ಬಳೇ ಆಚೆ ದಡದಲ್ಲಿ ನಿಂತು ತಿಂದಳು. ಬೆಟ್ಟ ಹತ್ತುವಾಗ ಮೋಡ ಕೆಳಗಿಳಿದು ಎಲ್ಲರ ಕೂದಲು ಒದ್ದೆ ಮಾಡಿತು. ವರ್ನಾ ಹಾಡು ಶುರು ಮಾಡಿದಳು. ವೆರ್ಲಿನ್‌ಗೂ ಆ ಹಾಡು ಬರುತ್ತಿತ್ತು. ಆದರೂ ಹಿಂದೆಯೇ ಉಳಿದಳು.

ಬೆಟ್ಟದ ಆಚೆ ಇಳಿಯುತ್ತಿದ್ದಂತೆ ಮೂಗಿಗೆ ಗಂಧಕದ ವಾಸನೆ ಬಡಿಯಿತು.

"ಯಾರಪ್ಪಾ ಅದು?" ಎಂದ ಕೆಜಾನ್, ಮೂಗು ಹಿಡಿದುಕೊಂಡು. "ಡೂಡೂ, ನೀನಾ?"

"ನಾನಲ್ಲಪ್ಪ, ಭೂಮಿ," ಎಂದ ಲಿಂಟನ್.

ಕೆಳಗೆ ಹಾಳು ಕಣಿವೆ ಕಾಣಿಸಿತು. ಅಲ್ಲಿ ಮರವಿಲ್ಲ, ಹುಲ್ಲಿಲ್ಲ. ನೆಲದ ತೂತುಗಳಿಂದ ಬಿಳಿ ಹೊಗೆ ಬುಸುಗುಡುತ್ತಾ ಏಳುತ್ತಿತ್ತು. ಬಿಸಿನೀರಿನ ತೊರೆಯೊಂದು ಕಪ್ಪಗೆ, ಅದರ ಪಕ್ಕದ್ದು ಹಾಲಿನಂತೆ ಬೆಳ್ಳಗೆ ಹರಿಯುತ್ತಿತ್ತು.

ಮಾಮ ಎಲ್ಲರನ್ನೂ ನಿಲ್ಲಿಸಿ ಏನೋ ಹೇಳತೊಡಗಿದ. ವೆರ್ಲಿನ್ ಇನ್ನೂ ಮೇಲೆ, ಇಳಿಜಾರಿನಲ್ಲೇ ಇದ್ದಳು. ಮಾಮ ಒಂದು ಕಪ್ಪು ಕಲ್ಲಿನ ಮೇಲೆ ಕಾಲಿಟ್ಟು ತೋರಿಸುವುದು ಕಾಣಿಸಿತು. ಆಮೇಲೆ ಕೋಲಿನಿಂದ ಬಿಳಿ ನೆಲ ತೋರಿಸಿ ಬೇಡ, ಬೇಡ ಎನ್ನುವಂತೆ ಕೈಯಾಡಿಸಿದ. ಹೊಗೆಯ ಸದ್ದಿನಲ್ಲಿ ಅವಳಿಗೆ ಮಾತು ಕೇಳಿಸಲಿಲ್ಲ. ಅವಳು ಸರಿಯಾಗಿ ನೋಡಲೂ ಇಲ್ಲ.

ಸಾಲು ಮುಂದೆ ಸಾಗಿತು. ಅಷ್ಟರಲ್ಲಿ ಲಿಂಟನ್‌ನ ಶೂ ಕೆಸರಿಗೆ ಸಿಕ್ಕಿಕೊಂಡಿತು. ಮಿಸ್ ಬೆಲ್ಲೊ ಬಗ್ಗಿ ಅದನ್ನು ಎಳೆಯುತ್ತಿದ್ದರು. ವೆರ್ಲಿನ್ ಅವರನ್ನು ದಾಟಿ ಮುಂದೆ ಬಂದಳು. ಆಗ ಗಾಳಿ ತಿರುಗಿತು. ಹೊಗೆ ದಪ್ಪ ಹೊದಿಕೆಯಂತೆ ಬಂದು ಎಲ್ಲರನ್ನೂ ಮುಚ್ಚಿತು.

ಹೊಗೆ ತುಸು ಸರಿದಾಗ ಸಾಲು ಎಡಗಡೆ ಕಾಣಿಸಿತು. ಅಷ್ಟೇನೂ ದೂರವಿರಲಿಲ್ಲ. ಕಲ್ಲು ಹತ್ತಿ ಇಳಿದು ಸುತ್ತಿಕೊಂಡು ಹೋಗುವ ಬದಲು ನೇರ ಹೋಗಬಹುದಿತ್ತು. ನಡುವೆ ಒಣಗಿದ ಬಿಳಿ ನೆಲ, ಸಾರಿಸಿಟ್ಟ ಅಂಗಳದಂತೆ ನುಣ್ಣಗಿತ್ತು. ವೆರ್ಲಿನ್ ಆ ಕಡೆ ಹೆಜ್ಜೆ ಹಾಕಿದಳು.

"ಏಯ್!" ಎಂದು ಮಾಮ ಕಿರುಚಿದ. "ಏಯ್! ನಿಲ್ಲು! ವೆ... ವೆಲ್ಮಾ! ವರ್ನಾ!"

ವರ್ನಾಳನ್ನು ತಾನೇ ಕರೆದದ್ದು? ವೆರ್ಲಿನ್ ಇನ್ನೊಂದು ಹೆಜ್ಜೆ ಇಟ್ಟಳು.

"ಅಂಕಲ್, ನಾನಿಲ್ಲೇ ಇದೀನಲ್ಲ!" ಎಂಬ ವರ್ನಾಳ ದನಿ ಕೇಳಿಸಿತು.

"ನೀನಲ್ಲ! ವರ್ನಾ! ಅಯ್ಯೋ ದೇವರೇ, ವೆರ್... ವೆರ್..."

ವೆರ್ಲಿನ್ ಮತ್ತೆ ಕಾಲೆತ್ತಿದಳು.

"ಟಿಟಿರೀ!"

ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಅವಳು ನಿಲ್ಲಿಸಿರಲಿಲ್ಲ. ಅದು ತಾನಾಗಿಯೇ ನಿಂತಿತು.

"ಟಿಟಿರಿ, ಅಲ್ಲಾಡಬೇಡ. ಕಾಲು ಕೆಳಗಿಡಬೇಡ. ಹಿಂದಕ್ಕಿಡು, ಎಲ್ಲಿಂದ ಎತ್ತಿದ್ಯೋ ಅಲ್ಲೇ ಇಡು. ಹಾಂ, ಅಲ್ಲೇ. ಬರ್ತಿದೀನಿ."

ಮಾಮ ಓಡಿ ಬರಲಿಲ್ಲ. ಕೋಲಿನಿಂದ ನೆಲ ಕುಟ್ಟುತ್ತಾ, ಒಂದೊಂದೇ ಕಲ್ಲು ನೋಡುತ್ತಾ ಸುತ್ತಿ ಬಂದ. ಬಂದು ಅವಳ ಮಣಿಕಟ್ಟು ಹಿಡಿದು ಕಪ್ಪು ಕಲ್ಲಿಗೆ ಎಳೆದುಕೊಂಡ.  

ಆಮೇಲೆ ಮಾಮ ಒಂದು ಕಲ್ಲೆತ್ತಿ ಅವಳು ಕಾಲಿಡಲಿದ್ದ ಜಾಗಕ್ಕೆ ಎಸೆದ. ಬಿಳಿ ನೆಲ ಹಪ್ಪಳದಂತೆ ಮುರಿಯಿತು. ಕಲ್ಲು ಮುಳುಗಿತು. ತೂತಿನಲ್ಲಿ ಬೂದು ಕೆಸರು ಕೊತಕೊತ ಕುದಿಯುತ್ತಿತ್ತು.

ಎಲ್ಲರೂ ತಮ್ಮ ಕಾಲ ಕೆಳಗಿನ ಕಲ್ಲು ನೋಡಿಕೊಂಡರು. ಕೆಜಾನ್ ಕೂಡ.

ಮಿಸ್ ಬೆಲ್ಲೊ ಓಡಿಬಂದು ಅವಳನ್ನು ತಬ್ಬಿಕೊಂಡರು, ಬೈದರು, ಮತ್ತೆ ತಬ್ಬಿಕೊಂಡರು. ಅವರ ಗಲ್ಲ ಅವಳ ಭುಜಕ್ಕೆ ತಾಗುತ್ತಿತ್ತು.

ಮಾಮ ಕಲ್ಲಿನ ಮೇಲೆ ಕುಸಿದು ಕೂತ. ಟೋಪಿ ತೆಗೆದು ಮುಖ ಒರೆಸಿಕೊಂಡ. "ತಪ್ಪಾಯ್ತು ಕಣೇ," ಎಂದ, ಅವಳಿಗೆ ಮಾತ್ರ ಕೇಳುವಂತೆ. "ಮಾತು ಕೊಟ್ಟಿದ್ದೆ. ಆದ್ರೆ ಆ ಇನ್ನೊಂದು ಹೆಸರು ಬಾಯಿಗೆ ಬರ್ಲೇ ಇಲ್ಲ."

ವೆರ್ಲಿನ್ ಅವನ ಕೈಯಿಂದ ಟೋಪಿ ತೆಗೆದು ಅವನ ತಲೆಗಿಟ್ಟಳು. 

"ಟಿಟಿರಿ?" ಎಂದಿತು ಹಿಂದಿನಿಂದ ಒಂದು ದನಿ.

ಕೆಜಾನ್ ಅವಳನ್ನು ಪಾದದಿಂದ ತಲೆಯವರೆಗೆ ನೋಡುತ್ತಿದ್ದ. ನೋಡುತ್ತಾ ಅವನ ಕತ್ತು ಮೇಲೆ ಮೇಲೆ ಹೋಯಿತು. "ಇಷ್ಟುದ್ದ ಟಿಟಿರಿ! ಇದನ್ನ ಕರಿಯೋಕೆ ಬಾಣಲೆ ಎಲ್ಲಿಂದ ತರೋದು?"

ಮೊದಲು ನಕ್ಕವಳು ವೆರ್ಲಿನ್. ಹೊಟ್ಟೆಯಲ್ಲಿ ಅಂಥದೊಂದು ನಗು ಕೂತಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಎಲ್ಲರೂ ನಕ್ಕರು. ಲಿಂಟನ್ ಒಂದು ಕಾಲಿನ ಶೂ ಕೈಯಲ್ಲಿ ಹಿಡಿದುಕೊಂಡೇ ನಕ್ಕ. ಮಾಮ ಮಾತ್ರ ಕಣ್ಣೊರೆಸಿಕೊಂಡು, "ಹೊಗೆ, ಹೊಗೆ," ಎಂದ.

ಮಾಮ ಮೊಟ್ಟೆಗಳನ್ನು ಬಲೆಚೀಲಕ್ಕೆ ಹಾಕಿ ಕುದಿಯುವ ಬುಗ್ಗೆಯಲ್ಲಿ ಮುಳುಗಿಸಿದ. ಅವು ಬೇಯುವವರೆಗೆ ಎಲ್ಲರೂ ಕಪ್ಪು ಬಂಡೆಗಳ ಮೇಲೆ ಕೂತರು. ಲಿಂಟನ್ ಬಂದು ವೆರ್ಲಿನ್ ಪಕ್ಕ ಕೂತ.

"ಏನೂ ಆಗಲ್ಲ," ಎಂದ ಮೆಲ್ಲಗೆ. "ಮೊದಲು ಸ್ವಲ್ಪ ದಿನ ಕಷ್ಟ. ಆಮೇಲೆ ಕಿವಿಗೆ ಅಭ್ಯಾಸ ಆಗತ್ತೆ."

"ಅಂಕಲ್, ಇವಳಿಗ್ಯಾಕೆ ಟಿಟಿರಿ ಅಂತ ಇಟ್ರಿ?" ವರ್ನಾ ಕೇಳಿದಳು.

ಮಾಮ ವೆರ್ಲಿನ್ ಕಡೆ ನೋಡಿದ. ಅವಳು ಹೇಳು ಎನ್ನುವಂತೆ ತಲೆಯಾಡಿಸಿದಳು.

"ಇವಳು ದಿನ ತುಂಬೋಕೆ ಮುಂಚೆ ಹುಟ್ಟಿದ್ಲು. ಇಷ್ಟೇ ಇದ್ಲು." ಮಾಮ ಅಂಗೈ ಚಾಚಿದ. "ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ಉಳೀತಾಳೋ ಇಲ್ವೋ ಅಂತ ಹೆದ್ರಿ ಯಾರೂ ಹೆಸರೇ ಇಟ್ಟಿರ್ಲಿಲ್ಲ. ಮೈ ಮುಟ್ಟೋಕೂ ಬಿಡ್ತಿರ್ಲಿಲ್ಲ. ಏನಾದ್ರೂ ಅಂತ ಕರೀಬೇಕಲ್ಲ? ಗಾಜಿಗೆ ಬಾಯಿಟ್ಟು 'ಟಿಟಿರಿ, ಏಯ್ ಟಿಟಿರಿ' ಅಂದೆ. ಕಾಲು ಆಡಿಸಿದ್ಲು."

ಇದು ವೆರ್ಲಿನ್‌ಗೆ ಗೊತ್ತಿರಲಿಲ್ಲ. ಸಣ್ಣಗಿದ್ದೆ, ಅದಕ್ಕೇ ಹಾಗೆ ಕರೆದರು ಎಂದಷ್ಟೇ ತಿಳಿದಿದ್ದಳು. ಅವಳು ತನ್ನ ಕೆಸರಾದ ಶೂ ನೋಡುತ್ತಾ ಕೂತಳು.

ಬಿಸಿ ಮೊಟ್ಟೆಗಳು ಕೈಯಿಂದ ಕೈಗೆ ಹಾರಿದವು.

"ಕೆಜಾನ್, ನಿನ್ನ ಮನೆ ಹೆಸರೇನೋ?" ಲಿಂಟನ್ ಕೇಳಿದ.

"ನಂಗಿಲ್ಲ."

"ಎಲ್ರಿಗೂ ಇರತ್ತೆ."

ಕೆಜಾನ್ ಇಡೀ ಮೊಟ್ಟೆ ಬಾಯಿಗೆ ತುರುಕಿಕೊಂಡ. ಬಾಯಿ ತುಂಬಿದೆ, ಮಾತಾಡಲಾರೆ ಎಂದು ಕೈಸನ್ನೆ ಮಾಡಿದ. ಬಿಸಿಗೆ ಅವನ ಕಣ್ಣಲ್ಲಿ ನೀರು ಬಂತು. ಆದರೂ ಬಾಯಿ ಬಿಡಲಿಲ್ಲ.

ಅಲ್ಲಿಂದ ಮುಂದೆ ವೆರ್ಲಿನ್ ಮಾಮನ ಹಿಂದೆಯೇ ನಡೆದಳು. ಅವನು ಕಾಲಿಟ್ಟಲ್ಲೇ ಕಾಲಿಟ್ಟಳು. ಕುದಿಯುವ ಕೆರೆ ಮೊದಲು ಕಾಣಿಸಲೇ ಇಲ್ಲ, ಬರೀ ಬಿಳಿ ಹಬೆ. "ಇಷ್ಟಕ್ಕಾ ಇಷ್ಟು ದೂರ ಬಂದಿದ್ದು?" ಎಂದು ಕೆಜಾನ್ ಗೊಣಗಿದ. ಆಗ ಗಾಳಿ ಬೀಸಿ ಹಬೆ ಸರಿಯಿತು. ಕೆಳಗೆ ಬೂದುನೀಲಿ ನೀರು, ನಡುವೆ ಗುಡ್ಡದಂತೆ ಉಕ್ಕಿ ಉಕ್ಕಿ ಕುದಿಯುತ್ತಿತ್ತು. ಮಾಮ ಹಿಂದಿನಿಂದ ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದ. ಅವಳು ಬಿಡಿಸಿಕೊಳ್ಳಲಿಲ್ಲ.

ಬಸ್ಸಿನ ಹತ್ತಿರ ವಾಪಸ್ ಬಂದಾಗ ಎಲ್ಲರ ಕಾಲುಗಳೂ ಸೋತಿದ್ದವು. ಮಕ್ಕಳು ಒಬ್ಬೊಬ್ಬರೇ ಹತ್ತಿದರು. ವೆರ್ಲಿನ್ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು.

"ಹೋಗ್ಬಾ, ವೆರ್ಲಿನ್!"

ಅವಳು ಬಸ್ಸಿನೊಳಗೆ ಇಣುಕಿದಳು. ಆಮೇಲೆ ಹಿಂದೆ ತಿರುಗಿದಳು. ಯಾರೋ ಯಾರನ್ನೋ ಕರೆದ ಹಾಗಿತ್ತು.

ರಸ್ತೆ ಬದಿಯಲ್ಲಿ ಮಾಮ ನಿಂತಿದ್ದ, ಟೋಪಿ ಕೈಯಲ್ಲಿ, ಮುಖದ ತುಂಬ ಹೆಮ್ಮೆ. "ಸರಿಯಾಗಿ ಹೇಳ್ದೆ ತಾನೇ? ದಾರಿ ಪೂರ್ತಿ ಬಾಯಿಪಾಠ ಮಾಡ್ಕೊಂಡು ಬಂದೆ. ವೆರ್ಲಿನ್, ವೆರ್ಲಿನ್ ಅಂತ."

"ಸರಿಯಾಗೇ ಹೇಳ್ದೆ ಮಾಮ," ಎಂದಳು ಅವಳು.

ಮತ್ತೆ ಮೆಟ್ಟಿಲಿಳಿದು ಅವನ ಹತ್ತಿರ ಹೋದಳು. ಬಸ್ಸಿನ ಕಿಟಕಿಗಳ ತುಂಬ ಮುಖಗಳಿದ್ದವು. ಕೆಜಾನ್‌ನ ಮುಖ ಎಲ್ಲಕ್ಕಿಂತ ಮುಂದಿತ್ತು. ಅವಳು ದನಿ ತಗ್ಗಿಸಲಿಲ್ಲ.

"ಆದ್ರೆ ನೀನು ಹಾಗೆ ಕರೀಬೇಡ."