ಭಾವ ಕತ್ತರಿಸಿದ ಹಗ್ಗ

ಭಾವ ಸತ್ತರೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ದೋಣಿ ಓಡಿಸುವವರು ಮಣಿಕಟ್ಟಿಗೆ ಒಂದು ಕೆಂಪು ಹಗ್ಗ ಕಟ್ಟಿಕೊಳ್ಳಬೇಕು. ನೀರಿಗೆ ಬಿದ್ದರೆ ಎಂಜಿನ್ನಿಗೆ ಸಿಕ್ಕಿಸಿದ ಅದರ ತುದಿಯ ಕ್ಲಿಪ್ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ನಮ್ಮ ಮಹಾಶಯರು “ನಾನೇನು ನಾಯೀನಾ?” ಎಂದು ಹಗ್ಗವನ್ನು ನಡುವೆ ಕತ್ತರಿಸಿ, ಕ್ಲಿಪ್ಪನ್ನು ಮಾತ್ರ ಎಂಜಿನ್ನಿನಲ್ಲೇ ಬಿಟ್ಟಿದ್ದರು. ಒಂದು ದಿನ ಬಿದ್ದರು. ದೋಣಿ ನಿಲ್ಲಲಿಲ್ಲ.

ಆ ಎಂಜಿನ್ ಗುಜರಿಗೆ ಹೋಯಿತು. ಅದೇ ದೋಣಿಗೆ ಅಕ್ಕ ಹೊಸದನ್ನು ತಂದಳು. ಮಟಮಟ ಮಧ್ಯಾಹ್ನ ಅದನ್ನು ಪರೀಕ್ಷಿಸಲು ನಾನೊಬ್ಬನೇ ಹೊರಟೆ. ಎಂಜಿನ್ನಿನಲ್ಲಿ ಹಗ್ಗ ನೇತಾಡುತ್ತಿತ್ತು; ಅಂಗಡಿಯವರೇ ಸಿಕ್ಕಿಸಿರಬೇಕು ಅಂದುಕೊಂಡೆ. ಕೈಗೆ ತೊಡಕಾಗದಿರಲಿ ಎಂದು ಕಟ್ಟಿಕೊಳ್ಳಲಿಲ್ಲ.

ನಡುನೀರಿನಲ್ಲಿ ಎಂಜಿನ್ ನಿಂತಿತು. ಕ್ಲಿಪ್ ಕಿತ್ತು ಬಂದಿತ್ತು. ಸಿಕ್ಕಿಸಿದೆ, ತುಸು ದೂರ ಹೋಗುತ್ತಲೇ ಮತ್ತೆ ಅದೇ. ಎಂಜಿನ್ನಿನ ಮುಚ್ಚಳ ಕೈ ಸುಡುತ್ತಿದ್ದರೂ ಹಗ್ಗ ಮಾತ್ರ ಒದ್ದೆಯಾಗಿ ಮಂಜಿನಂತೆ ಕೊರೆಯುತ್ತಿತ್ತು. ಭಯಕ್ಕಿಂತ ಮೊದಲು ನನಗೆ ಪಿತ್ತ ನೆತ್ತಿಗೇರಿತು.

“ನೀವು ಕಟ್ಕೊಳ್ಳಲಿಲ್ಲ, ಈಗ ನನಗೆ ಬುದ್ಧಿ ಹೇಳೋಕೆ ಬಂದ್ರಾ, ಭಾವ?” ಎಂದು ನೀರಿಗೆ ಕೂಗಿ, ಹಗ್ಗವನ್ನು ಮಣಿಕಟ್ಟಿಗೆ ಬಿಗಿದೆ. ದಡ ಮುಟ್ಟುವವರೆಗೂ ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ಅಲ್ಲಿ ಅಕ್ಕ ಹೊಸ ಎಂಜಿನ್ ಬಂದಿದ್ದ ಪೆಟ್ಟಿಗೆ ಹಿಡಿದು ನಿಂತಿದ್ದಳು. “ಲೋ, ಹಗ್ಗ ಇಲ್ಲೇ ಬಿಟ್ಟು ಹೋಗಿದ್ದೀಯಲ್ಲೋ! ನಿಂಗೂ ಬುದ್ಧಿ ಬೇಡ್ವಾ?” ಪೆಟ್ಟಿಗೆಯೊಳಗೆ ಹೊಸ ಹಗ್ಗ ಬಿಚ್ಚದ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು.

ಇಬ್ಬರೂ ನನ್ನ ಕೈ ನೋಡಿದೆವು. ಬಣ್ಣ ಮಾಸಿದ ಹಗ್ಗ. ನಡುವೆ ಕತ್ತರಿಸಿದಲ್ಲಿ ಯಾರೋ ಗಂಟು ಹಾಕಿ ಜೋಡಿಸಿದ್ದರು.

ಅಕ್ಕ ಅದನ್ನು ಮುಟ್ಟಲಿಲ್ಲ. ನನ್ನ ಹಿಂದಿನ ನೀರನ್ನು ದುರುಗುಟ್ಟಿ ನೋಡಿ, “ಈಗ ಗಂಟು ಹಾಕಿದ್ರೆ ಏನ್ ಬಂತುರೀ?” ಎಂದಳು.